ಕೆರೆಯಲ್ಲಿ ಕೆಂಪುಕಿವಿ ಆಮೆ ಕಂಡರೆ ಏನು ಮಾಡಬೇಕು?

ಅಕ್ವೇರಿಯಂ ಅಂಗಡಿಗಳಲ್ಲಿ ರೆಡ್ ಇಯರ್ಡ್ ಸ್ಲೈಡರ್ ಎಂದು ಮಾರುವ ಕೆಂಪುಕಿವಿ ಆಮೆ ಅಮೆರಿಕದ ಮಿಸಿಸಿಪಿ ನದಿ ಬಯಲಿನದು. ತರುವಾಗ ಅಂಗೈಯಲ್ಲಿ ಹಿಡಿಸುವ ಹಸಿರು ಮರಿ, ಬೆಳೆದರೆ ಚಿಪ್ಪೇ 20ರಿಂದ 30 ಸೆಂ.ಮೀ. ಟ್ಯಾಂಕಿನ ನೀರು ನಾರತೊಡಗಿದಾಗ ಊರ ಕೆರೆಗೋ ದೇವಸ್ಥಾನದ ಪುಷ್ಕರಣಿಗೋ ಬಿಟ್ಟುಬರುತ್ತಾರೆ. ಕಾರವಾರ, ಶಿರಸಿ ಕಡೆಯ ಬೆಚ್ಚನೆ ನೀರಿನಲ್ಲಿ ಅದು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. ಬಿಸಿಲು ಕಾಯುವ ಕಲ್ಲು, ದಿಮ್ಮಿಗಳಿಂದ ನಮ್ಮ ಆಮೆಗಳನ್ನು ತಳ್ಳುತ್ತದೆ. ಗೊದಮೊಟ್ಟೆ, ಸಣ್ಣ ಮೀನು, ನೀರ ಗಿಡ, ಎಲ್ಲವನ್ನೂ ತಿನ್ನುತ್ತದೆ. ರೋಗವನ್ನೂ ಹರಡಬಲ್ಲದು.

ಮೊದಲು ಗುರುತು ಹಿಡಿಯಬೇಕು. ಹೆಚ್ಚಿನ ತಪ್ಪು ಆಗುವುದು ಇಲ್ಲಿಯೇ. ಬಿಸಿಲೇರುವ ಹೊತ್ತಿಗೆ ದೂರದಿಂದ, ದುರ್ಬೀನು ಅಥವಾ ಜೂಮ್ ಕ್ಯಾಮೆರಾದಲ್ಲಿ ನೋಡಿ. ಹತ್ತಿರ ಹೋದರೆ ಎಲ್ಲವೂ ನೀರಿಗೆ ಜಾರುತ್ತವೆ. ಕಣ್ಣಿನ ಹಿಂದೆ ಅಗಲವಾದ ಒಂದು ಕೆಂಪು ಪಟ್ಟೆ, ಕತ್ತು-ಕಾಲಿನ ಮೇಲೆ ತೆಳು ಹಳದಿ ಗೆರೆ, ಹೊಟ್ಟೆಯ ಹಳದಿ ಚಿಪ್ಪಿನಲ್ಲಿ ಕಪ್ಪು ಮಚ್ಚೆ ಇದ್ದರೆ ಅದು ಹೊರಗಿನದು. ಮುದಿ ಗಂಡು ಕಪ್ಪಾಗಿ ಪಟ್ಟೆ ಮಾಸಿರುತ್ತದೆ, ಆಗ ಮುಂಗಾಲಿನ ಉದ್ದ ಉಗುರು ನೋಡಿ. ನಮ್ಮ ಕರಿ ಆಮೆಯ ತಲೆಯ ಮೇಲೂ ಹಳದಿ, ನಸುಗೆಂಪು ಬಲೆಗೆರೆ ಇರಬಹುದು. ಆದರೆ ಅದರ ಬೆನ್ನಿನುದ್ದಕ್ಕೂ ಮೂರು ಏಣುಗಳಿರುತ್ತವೆ. ಮಳೆಗಾಲದಲ್ಲಿ ಗದ್ದೆ, ರಸ್ತೆ ದಾಟುವ ಮೆದುಚಿಪ್ಪಿನ ಆಮೆಗೆ ಕೊಳವೆಯಂಥ ಮೂತಿ, ಚಿಪ್ಪಿನಲ್ಲಿ ಬಿಲ್ಲೆಗಳಿಲ್ಲ.

ಖಚಿತವಾಗುವವರೆಗೆ ಮುಟ್ಟಬೇಡಿ. ದೇಶಿ ಆಮೆ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ತಲೆ, ಪಕ್ಕ, ಬೆನ್ನು ಕಾಣುವ ಫೋಟೊ ತೆಗೆದು, ಜಾಗ, ದಿನ, ಸಂಖ್ಯೆ ಬರೆದು ವಲಯ ಅರಣ್ಯಾಧಿಕಾರಿ ಕಚೇರಿಗೆ ಕೊಡಿ. ನೀವೇ ಬಲೆ ಹಾಕಬೇಡಿ. ಆಮೆ ಉಸಿರಾಡಲು ಮೇಲೆ ಬರಲೇಬೇಕು, ನೀರಡಿಯ ಬಲೆಯಲ್ಲಿ ರಾತ್ರಿಯಿಡೀ ಸಿಕ್ಕರೆ ನಮ್ಮ ಆಮೆಯೇ ಉಸಿರುಗಟ್ಟಿ ಸಾಯುತ್ತದೆ.

ದಡದಲ್ಲಿ ಕೈಗೇ ಸಿಕ್ಕಿದ ಕೆಂಪುಕಿವಿ ಆಮೆಯನ್ನು ಚಿಪ್ಪಿನ ಹಿಂಭಾಗದಲ್ಲಿ ಎರಡೂ ಕೈಯಿಂದ ಹಿಡಿದು, ಮುಚ್ಚಳಕ್ಕೆ ತೂತು ಕೊರೆದ ಬಕೆಟ್ಟಿಗೆ ಹಾಕಿ ನೆರಳಲ್ಲಿಟ್ಟು, ಅದೇ ಅರಣ್ಯ ಕಚೇರಿಗೆ ತಿಳಿಸಿ. ಕಚ್ಚುತ್ತದೆ, ಪರಚುತ್ತದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಸೋಪಿನಿಂದ ಕೈ ತೊಳೆಯಿರಿ. ಬಕೆಟ್ಟಿನ ನೀರನ್ನು ಕೆರೆಗೆ ಚೆಲ್ಲಬೇಡಿ.

ಸಾಕಿರುವವರು ಚಿಪ್ಪಿನ ಪ್ರತಿ ಸೆಂ.ಮೀ.ಗೆ ಸುಮಾರು 15 ಲೀಟರ್ ನೀರು ಲೆಕ್ಕ ಹಾಕಿ. 20 ಸೆಂ.ಮೀ. ಆಮೆಗೆ 300 ಲೀಟರ್, ಜೊತೆಗೆ ಫಿಲ್ಟರ್, ಏರಿ ಕೂರಲು ಒಣ ಜಾಗ, ಬಿಸಿಲು ಬೇಕು. ಆಗದಿದ್ದರೆ ಸಾಕಬಲ್ಲ ಇನ್ನೊಬ್ಬರಿಗೆ ಕೊಡಿ, ಇಲ್ಲವೇ ಅರಣ್ಯ ಇಲಾಖೆಯನ್ನು ಕೇಳಿ. ಒಂದೇ ಹೆಣ್ಣು ಬಿಟ್ಟರೆ ಏನೂ ಆಗದು ಎಂಬುದು ಸುಳ್ಳು. ಹಿಂದೆ ಕೂಡಿದ ಗಂಡಿನ ವೀರ್ಯವನ್ನು ಒಡಲಲ್ಲಿ ಉಳಿಸಿಕೊಂಡು ತಿಂಗಳುಗಳ ನಂತರವೂ ಅದು ಮರಿಯಾಗುವ ಮೊಟ್ಟೆ ಇಡಬಲ್ಲದು.