ಬೆಳಗಿನ ಮಾತ್ರೆ, ಶುಕ್ರವಾರದ ಸೂಜಿ

2024ರ ಆಗಸ್ಟ್‌ನಲ್ಲಿ ನನ್ನ ತೂಕ 91 ಕೆಜಿ ಇತ್ತು. ಎತ್ತರ 158 ಸೆಂಟಿಮೀಟರ್, ವಯಸ್ಸು 48. ಶುಗರ್ ಬಂದು ಆರು ವರ್ಷ ಆಗಿತ್ತು, ಥೈರಾಯ್ಡ್ ಮಾತ್ರೆ ಶುರುವಾಗಿ ಹನ್ನೆರಡು ವರ್ಷ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 7.8 ಬಂದಿತ್ತು. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಎರಡನೇ ಮಹಡಿಯಲ್ಲಿರುವ ಹತ್ತನೇ ಕ್ಲಾಸಿಗೆ ಮೆಟ್ಟಿಲು ಹತ್ತಿ ಹೋದರೆ ಹಾಜರಿ ಕರೆಯೋಕೆ ಉಸಿರು ಸಾಲುತ್ತಿರಲಿಲ್ಲ. ಮಕ್ಕಳಿಗೆ ಗೊತ್ತಾಗದಿರಲಿ ಅಂತ ಮೊದಲು ಬೋರ್ಡ್ ಒರೆಸುತ್ತಾ ನಿಲ್ಲುತ್ತಿದ್ದೆ.

ಆ ತಿಂಗಳೇ ಡಾಕ್ಟ್ರು ಸೆಮಾಗ್ಲುಟೈಡ್ ಮಾತ್ರೆ ಬಗ್ಗೆ ಹೇಳಿದರು. ಊಟ ಮಾಡಿದಾಗ ನಮ್ಮ ಕರುಳಿನಲ್ಲೇ ಜಿಎಲ್‌ಪಿ-1 ಅನ್ನೋ ಹಾರ್ಮೋನು ಹುಟ್ಟುತ್ತೆ. 'ಸಾಕು' ಅಂತ ಮೆದುಳಿಗೆ ಹೇಳೋದು, ಹೊಟ್ಟೆ ನಿಧಾನವಾಗಿ ಖಾಲಿ ಆಗೋ ಹಾಗೆ ಮಾಡೋದು ಅದರ ಕೆಲಸ. ಈ ಔಷಧ ಅದೇ ಕೆಲಸವನ್ನು ಜಾಸ್ತಿ ಹೊತ್ತು ಮಾಡುತ್ತೆ. ಆಗ ನಮ್ಮ ದೇಶದಲ್ಲಿ ಸೆಮಾಗ್ಲುಟೈಡ್ ಅಧಿಕೃತವಾಗಿ ಸಿಗುತ್ತಿದ್ದದ್ದು ಮಾತ್ರೆ ರೂಪದಲ್ಲಿ ಮಾತ್ರ. ರೈಬೆಲ್ಸಸ್ ಹೆಸರಲ್ಲಿ 2022ರ ಜನವರಿಯಲ್ಲಿ ಬಂದಿತ್ತು, ಅದೂ ಶುಗರ್ ಕಾಯಿಲೆಗೆ. ತೂಕ ಇಳಿಯೋದು ಅದರ ಜೊತೆಗೆ ಸಿಗುವ ಲಾಭ. ನನಗೆ ಎರಡೂ ಬೇಕಿತ್ತು. ಸೂಜಿ ಇಲ್ಲ, ಬರೀ ಮಾತ್ರೆ ಅಂತ ಮನಸ್ಸು ಹಗುರಾಯಿತು.

ಮಾತ್ರೆ ತಗೊಳ್ಳೋದು ಸುಲಭ ಅಂದುಕೊಂಡಿದ್ದೆ. ಕಷ್ಟ ಇದ್ದದ್ದೇ ಅಲ್ಲಿ.

ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ತಗೊಳ್ಳಬೇಕು. ನೀರು ಅರ್ಧ ಲೋಟ, 120 ಎಂಎಲ್‌ಗಿಂತ ಜಾಸ್ತಿ ಬೇಡ. ಮಾತ್ರೆ ಮುರಿಯುವ ಹಾಗಿಲ್ಲ, ಅಗಿಯುವ ಹಾಗಿಲ್ಲ. ಆಮೇಲೆ ಕಡಿಮೆ ಅಂದ್ರೂ ಅರ್ಧ ಗಂಟೆ ಕಾಫಿ, ತಿಂಡಿ, ಬೇರೆ ಮಾತ್ರೆ ಏನೂ ಇಲ್ಲ. ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಕೇಳಿದೆ. ಈ ಔಷಧ ಪ್ರೋಟೀನಿನ ಜಾತಿಯದು. ಹಾಗೇ ನುಂಗಿದರೆ ಹೊಟ್ಟೆ ಅದನ್ನು ಬೇಳೆ ಜೀರ್ಣ ಮಾಡಿದ ಹಾಗೆ ಮಾಡಿಬಿಡುತ್ತೆ. ಅದಕ್ಕೇ ಮಾತ್ರೆಯೊಳಗೆ ಇನ್ನೊಂದು ಪದಾರ್ಥ ಸೇರಿಸಿರುತ್ತಾರೆ. ಮಾತ್ರೆ ಕರಗುವ ಜಾಗದಲ್ಲಿ ಅದು ಸ್ವಲ್ಪ ಹೊತ್ತು ಆಮ್ಲ ತಗ್ಗಿಸಿ, ಔಷಧ ಹೊಟ್ಟೆಯ ಗೋಡೆ ದಾಟಿ ರಕ್ತಕ್ಕೆ ಹೋಗೋ ಹಾಗೆ ಮಾಡುತ್ತೆ. ಇಷ್ಟೆಲ್ಲ ಮಾಡಿದರೂ ರಕ್ತಕ್ಕೆ ಸೇರೋದು 1%ಗಿಂತ ಕಡಿಮೆ. ನೀರು ಜಾಸ್ತಿ ಆದರೆ, ಕಾಫಿ ಬೇಗ ಕುಡಿದರೆ ಅಷ್ಟೂ ಸೇರಲ್ಲ.

ಇದು ಗೊತ್ತಾದ ಮೇಲೆ ಒಂದು ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿತು. ದಿನಕ್ಕೆ 14 ಎಂಜಿ ಮಾತ್ರೆ ಅಂದ್ರೆ ವಾರಕ್ಕೆ 98 ಎಂಜಿ. ಅದೇ ಔಷಧವನ್ನು ತೂಕ ಇಳಿಸೋಕೆ ಇಂಜೆಕ್ಷನ್‌ನಲ್ಲಿ ಕೊಟ್ಟರೆ ಸಾಮಾನ್ಯವಾಗಿ ಪೂರ್ತಿ ಡೋಸ್ ವಾರಕ್ಕೆ 2.4 ಎಂಜಿ ಅಷ್ಟೇ. ಮಾತ್ರೆಯಲ್ಲಿ ನಾವು ನುಂಗುವುದರ ಬಹುಪಾಲು ದಾರಿಯಲ್ಲೇ ಕಳೆದುಹೋಗುತ್ತೆ. ಹಾಗಾಗಿ ಆ ಅರ್ಧ ಗಂಟೆಯೂ ಔಷಧದ ಒಂದು ಭಾಗವೇ.

ನನ್ನ ಬೆಳಿಗ್ಗೆಯಲ್ಲಿ ಥೈರಾಯ್ಡ್ ಮಾತ್ರೆ ಮೊದಲೇ ಜಾಗ ಹಿಡಿದು ಕೂತಿತ್ತು. ಅದಕ್ಕೂ ಖಾಲಿ ಹೊಟ್ಟೆಯೇ ಬೇಕು. ಎರಡನ್ನೂ ಒಟ್ಟಿಗೆ ನುಂಗುವ ಹಾಗಿಲ್ಲ. ಡಾಕ್ಟ್ರು ಬರೆದುಕೊಟ್ಟದ್ದು ಹೀಗೆ: ಐದಕ್ಕೆ ಸೆಮಾಗ್ಲುಟೈಡ್, ಐದೂವರೆಗೆ ಥೈರಾಯ್ಡ್, ಆರೂವರೆಗೆ ಕಾಫಿ. ಕಾಗದದ ಮೇಲೆ ಚೆನ್ನಾಗಿತ್ತು. ನಮ್ಮ ಮನೆಯಲ್ಲಿ ಐದೂವರೆಗೆ ಅತ್ತೆಗೆ ಕಾಫಿ ಆಗಬೇಕು. ಆರಕ್ಕೆ ರೊಟ್ಟಿ ತಟ್ಟೋಕೆ ಕೂರಬೇಕು. ಮಗನ ಡಬ್ಬಿ, ನನ್ನ ಡಬ್ಬಿ, ಒಂಬತ್ತಕ್ಕೆ ಮನೆ ಬಿಡಬೇಕು. ಥೈರಾಯ್ಡ್ ಮಾತ್ರೆಯನ್ನು ರಾತ್ರಿಗೆ ಹಾಕಿಕೊಳ್ಳಿ, ಊಟವಾಗಿ ಮೂರು ಗಂಟೆ ಬಿಡಿ ಅಂದರು. ಅಂಗಡಿ ಮುಚ್ಚಿ ನಮ್ಮ ಯಜಮಾನರು ಮನೆಗೆ ಬರೋದೇ ಒಂಬತ್ತೂವರೆಗೆ. ಊಟ ಹತ್ತಕ್ಕೆ. ರಾತ್ರಿ ಒಂದು ಗಂಟೆಗೆ ಅಲಾರಂ ಇಟ್ಟು ಎಷ್ಟು ದಿನ ಏಳೋಕಾಗುತ್ತೆ?

ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದೆ. ಎರಡೂ ಮಾತ್ರೆ ಸರಿಯಾಗಿ ಆದ ದಿನಕ್ಕೆ ಒಂದು ಚುಕ್ಕಿ. 2025ರ ಜನವರಿಯ 31 ದಿನದಲ್ಲಿ 17 ಚುಕ್ಕಿ ಇದ್ದವು. ಉಳಿದ ದಿನಗಳಲ್ಲಿ ಒಂದೋ ಸೆಮಾಗ್ಲುಟೈಡ್ ಕೆಟ್ಟಿತ್ತು, ಇಲ್ಲವೇ ಥೈರಾಯ್ಡ್ ಮಾತ್ರೆ ಕಾಫಿ ಜೊತೆ ಹೋಗಿತ್ತು. ಥೈರಾಯ್ಡ್ ಮಾತ್ರೆ ಸಾಲದಿದ್ದರೆ ರಕ್ತಪರೀಕ್ಷೆಯಲ್ಲಿ ಜಾಸ್ತಿ ತೋರಿಸುವ ಟಿಎಸ್‌ಎಚ್ ಏರಿ 7ಕ್ಕೆ ಬಂತು. ಏಳು ತಿಂಗಳಲ್ಲಿ ತೂಕ 86.5ಕ್ಕೆ ಇಳಿದಿತ್ತು, ಎಚ್‌ಬಿಎ1ಸಿ 6.9. ಕೆಟ್ಟದ್ದೇನಲ್ಲ. ಆದರೆ ಒಂದು ಮಾತ್ರೆಗೆ 300 ರೂಪಾಯಿಗೂ ಜಾಸ್ತಿ ಕೊಟ್ಟು, ತಿಂಗಳಿಗೆ ಹತ್ತು ಹನ್ನೆರಡು ಮಾತ್ರೆ ವ್ಯರ್ಥ ಮಾಡುತ್ತಿದ್ದೆ. ಕ್ಯಾಲೆಂಡರ್ ಹಾಳೆಯನ್ನೇ ಡಾಕ್ಟ್ರ ಮುಂದೆ ಇಟ್ಟೆ. "ಮೇಡಂ, ನಿಮ್ಮ ತಪ್ಪಲ್ಲ ಇದು. ನಿಮ್ಮ ಬೆಳಿಗ್ಗೆಯಲ್ಲಿ ಎರಡು ಮಾತ್ರೆಗೆ ಜಾಗ ಇಲ್ಲ" ಅಂದರು. ಆ ಮಾತು ಕೇಳಿ ಕಣ್ಣಲ್ಲಿ ನೀರು ಬಂತು. ಅಲ್ಲಿವರೆಗೂ ನನ್ನಲ್ಲೇ ಶಿಸ್ತು ಇಲ್ಲ ಅಂದುಕೊಂಡಿದ್ದೆ.

ಅದೇ 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ಅನ್ನೋ ಇನ್ನೊಂದು ಔಷಧ ನಮ್ಮ ದೇಶಕ್ಕೆ ಬಂತು, ಮೌಂಜಾರೊ ಹೆಸರಲ್ಲಿ. ವಾರಕ್ಕೊಂದು ಇಂಜೆಕ್ಷನ್. ಮೊದಲು ಬಂದದ್ದು ಒಂದೊಂದು ಡೋಸಿನ ಪುಟ್ಟ ಬಾಟಲಿಗಳಲ್ಲಿ: 2.5 ಎಂಜಿಗೆ 3,500 ರೂಪಾಯಿ, 5 ಎಂಜಿಗೆ 4,375. ಇದು ಜಿಎಲ್‌ಪಿ-1 ಜೊತೆಗೆ ಜಿಐಪಿ ಅನ್ನೋ ಇನ್ನೊಂದು ಹಾರ್ಮೋನಿನ ದಾರಿಯಲ್ಲೂ ಕೆಲಸ ಮಾಡುತ್ತೆ. ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. 'ಮಾತ್ರೆ ಒಳ್ಳೇದಾ, ಇಂಜೆಕ್ಷನ್ ಒಳ್ಳೇದಾ' ಅಂತ ಎಲ್ಲರೂ ಕೇಳುತ್ತಾರೆ. ಯಾವ ಔಷಧ, ಎಷ್ಟು ಡೋಸ್ ಅಂತ ಕೇಳದೆ ಅದಕ್ಕೆ ಉತ್ತರ ಇಲ್ಲ. ಅಧ್ಯಯನಗಳಲ್ಲಿ ಸೆಮಾಗ್ಲುಟೈಡ್ ಇಂಜೆಕ್ಷನ್ 2.4 ಎಂಜಿಯಲ್ಲಿ 68 ವಾರಕ್ಕೆ ಸರಾಸರಿ 14.9% ತೂಕ ಇಳಿದಿತ್ತು. ಅದೇ ಔಷಧದ 25 ಎಂಜಿ ಮಾತ್ರೆಯಲ್ಲಿ 64 ವಾರಕ್ಕೆ 13.6%. ತೂಕಕ್ಕೆ ಅಂತ ಅಮೆರಿಕದಲ್ಲಿ 2025ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು ಈ ಮಾತ್ರೆಗೇ. ಸರಿಯಾದ ಡೋಸ್ ಇದ್ದು, ಸರಿಯಾಗಿ ನುಂಗಿದರೆ ಮಾತ್ರೆ ಇಂಜೆಕ್ಷನ್‌ಗಿಂತ ಬಹಳ ಹಿಂದೆ ಏನಿಲ್ಲ. ಟಿರ್ಜೆಪಟೈಡ್ 15 ಎಂಜಿಯಲ್ಲಿ 72 ವಾರಕ್ಕೆ 20.9% ಇಳಿದಿದೆ, ಆದರೆ ಈ ಮೂರೂ ಅಂಕಿ ಶುಗರ್ ಇಲ್ಲದವರದು. ಶುಗರ್ ಇದ್ದವರಲ್ಲಿ ಟಿರ್ಜೆಪಟೈಡ್‌ಗೆ 14.7%. ನನ್ನಂಥವರು ಈ ಕೊನೆಯ ಅಂಕಿ ನೋಡಬೇಕು. ಇಲ್ಲದಿದ್ದರೆ ಸುಮ್ನೆ ನಿರಾಸೆ.

ಮಾತ್ರೆ ಬಿಟ್ಟು ಟಿರ್ಜೆಪಟೈಡ್ ಶುರು ಮಾಡುವ ಮೊದಲು ಡಾಕ್ಟ್ರು ಕೆಲವು ಪ್ರಶ್ನೆ ಕೇಳಿದರು. ಮನೆತನದಲ್ಲಿ ಯಾರಿಗಾದರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಬಂದಿತ್ತಾ? ಮೇದೋಜೀರಕದ ಊತ ಆಗಿತ್ತಾ? ಪಿತ್ತಕೋಶದಲ್ಲಿ ಕಲ್ಲು ಇದೆಯಾ? 'ಥೈರಾಯ್ಡ್ ಇದ್ದವರು ಇದನ್ನು ತಗೊಳ್ಳಲೇಬಾರದಂತೆ' ಅಂತ ಸ್ಟಾಫ್ ರೂಮಿನಲ್ಲಿ ಹೆದರಿಸಿದ್ದರು. ಕೇಳಿದೆ. ಆ ಎಚ್ಚರಿಕೆ ಆ ಒಂದು ಜಾತಿಯ ಕ್ಯಾನ್ಸರ್‌ಗೆ. ನನ್ನ ಹಾಗೆ ಥೈರಾಯ್ಡ್ ಹಾರ್ಮೋನು ಕಡಿಮೆ ಇರುವವರಿಗೆ ಅಡ್ಡಿ ಇಲ್ಲ ಅಂದರು. ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸಿದರು, ಶುಗರ್ ಬೇಗ ಇಳಿದರೆ ಕೆಲವರಿಗೆ ಅಲ್ಲಿ ತೊಂದರೆ ಜಾಸ್ತಿ ಆಗುತ್ತಂತೆ. ಶುಗರ್‌ಗೆ ಮೊದಲಿಂದ ತಗೊಳ್ಳುತ್ತಿದ್ದ ಗ್ಲಿಮೆಪಿರೈಡ್ ಮಾತ್ರೆಯನ್ನು ಅರ್ಧ ಮಾಡಿದರು, ಲೋ ಶುಗರ್ ಆಗಬಾರದು ಅಂತ. ಈ ಎರಡು ಕೆಲಸ ಮಾಡದೆ ಬರೀ ಇಂಜೆಕ್ಷನ್ ಬರೆದುಕೊಟ್ಟರೆ ದಯವಿಟ್ಟು ಬಾಯಿಬಿಟ್ಟು ಕೇಳಿ.

ಸೂಜಿ ಚುಚ್ಚೋದು ನನಗೆ ಹೊಸದಾಗಿರಲಿಲ್ಲ. ನಮ್ಮಪ್ಪನಿಗೆ ನಾಲ್ಕು ವರ್ಷ ಇನ್ಸುಲಿನ್ ಹಾಕಿದ್ದೆ. ಹೊಕ್ಕುಳಿಂದ ಎರಡು ಬೆರಳು ದೂರ, ಪ್ರತಿ ವಾರ ಜಾಗ ಬದಲು. ನೋವು ಇರುವೆ ಕಚ್ಚಿದಷ್ಟೂ ಇಲ್ಲ. ಮೇ ತಿಂಗಳಲ್ಲಿ 2.5 ಎಂಜಿಯಿಂದ ಶುರು, ನಾಲ್ಕು ವಾರ ಆದಮೇಲೆ 5.

ಹಾಕಿದ ಮಾರನೇ ದಿನ ವಾಕರಿಕೆ ಬರುತ್ತಿತ್ತು. ಮೊದಲು ಭಾನುವಾರ ಸಂಜೆ ಹಾಕುತ್ತಿದ್ದೆ. ಸೋಮವಾರ ಮೂರನೇ ಪೀರಿಯಡ್‌ ಹೊತ್ತಿಗೆ ಕುರ್ಚಿ ಹಿಡಿದು ನಿಲ್ಲಬೇಕಾಯಿತು. ದಿನ ಬದಲಿಸಬಹುದು, ಎರಡು ಡೋಸ್ ಮಧ್ಯೆ ಕಡಿಮೆ ಅಂದ್ರೆ ಮೂರು ದಿನ ಇರಬೇಕು ಅಂದರು. ಶುಕ್ರವಾರ ರಾತ್ರಿಗೆ ತಂದೆ. ಶನಿವಾರ ಅರ್ಧ ದಿನ ಶಾಲೆ, ಆಮೇಲೆ ಭಾನುವಾರ. ಅಲ್ಲಿಂದ ಒಂದು ವಾರವೂ ತಪ್ಪಿಲ್ಲ. ಬೆಳಗಿನ ಐದು ಗಂಟೆ ಮತ್ತೆ ಥೈರಾಯ್ಡ್ ಮಾತ್ರೆಗೆ ಸಿಕ್ಕಿತು. ಮೂರು ತಿಂಗಳಲ್ಲಿ ಟಿಎಸ್‌ಎಚ್ ಮೊದಲಿನ ಹದಕ್ಕೆ ಬಂತು.

ಗಣೇಶನ ಹಬ್ಬದಲ್ಲಿ ಹಳೇ ಅಭ್ಯಾಸದಂತೆ ನಾಲ್ಕು ಕಡುಬು, ತುಪ್ಪ, ಮೇಲೆ ಅನ್ನ ಸಾರು ತಿಂದೆ. ರಾತ್ರಿ ಎರಡು ಗಂಟೆವರೆಗೆ ವಾಂತಿ. ಹೊಟ್ಟೆ ಖಾಲಿ ಆಗೋದು ನಿಧಾನ ಆದಾಗ ಜಿಡ್ಡಿನ ಊಟ ಅಲ್ಲೇ ಕೂರುತ್ತೆ. ಈಗ ಒಂದು ರೊಟ್ಟಿ, ಬಟ್ಟಲು ತುಂಬ ಕಾಳುಪಲ್ಯ, ಮೊಸರು, ಸ್ವಲ್ಪ ಶೇಂಗಾ ಚಟ್ನಿ. ಪಲ್ಯ ಮೊದಲು, ರೊಟ್ಟಿ ಆಮೇಲೆ. ಮಲಬದ್ಧತೆ ನನ್ನನ್ನು ವಾಕರಿಕೆಗಿಂತ ಜಾಸ್ತಿ ಕಾಡಿದೆ. ನೀರು, ಸೊಪ್ಪು, ಸೀಬೆಹಣ್ಣು ಇದ್ದರೂ ತಿಂಗಳಲ್ಲಿ ಕೆಲವು ದಿನ ಪುಡಿ ಔಷಧ ಬೇಕೇ ಬೇಕು. ನಾಲ್ಕನೇ ತಿಂಗಳಲ್ಲಿ ಕೂದಲು ಉದುರಿತು, ಜಡೆ ಸಣ್ಣಗಾಯಿತು. ತೂಕ ಬೇಗ ಇಳಿದಾಗ ಹೀಗಾಗುತ್ತೆ ಅಂದರು. ತೂಕದ ಜೊತೆ ಸ್ನಾಯುವೂ ಕರಗುತ್ತೆ ಅನ್ನೋದಕ್ಕೆ ವಾರಕ್ಕೆ ಮೂರು ದಿನ ನೀರು ತುಂಬಿದ ಎರಡು ಬಾಟಲಿ ಎತ್ತಿ ಇಳಿಸುತ್ತೇನೆ, ಕುರ್ಚಿಯಿಂದ ಕೈ ಊರದೆ ಇಪ್ಪತ್ತು ಸಲ ಏಳುತ್ತೇನೆ.

ಇಂಜೆಕ್ಷನ್‌ಗೂ ಅದರದೇ ತಲೆನೋವು ಇದೆ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರಿಜ್‌ನಿಂದ ಹೊರಗೆ 30 ಡಿಗ್ರಿ ಒಳಗಿದ್ದರೆ 21 ದಿನ ತಡೆಯುತ್ತೆ. ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಲೇಬೇಕು. ನಮ್ಮದು ಒಂಟಿ ಬಾಗಿಲಿನ ಹಳೇ ಫ್ರಿಜ್. ಜೂನ್‌ನಲ್ಲಿ ಒಂದು ಬಾಟಲಿಯನ್ನು ಫ್ರೀಜರ್ ಕೆಳಗಿನ ತಟ್ಟೆಯಲ್ಲಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಐಸ್. 4,375 ರೂಪಾಯಿ ಕಸಕ್ಕೆ ಹೋಯಿತು. ಈಗ ಬಾಗಿಲ ಪಕ್ಕದ ಮಧ್ಯದ ಅರೆಯಲ್ಲಿ ಸ್ಟೀಲ್ ಡಬ್ಬಿಯೊಳಗೆ ಇಡುತ್ತೇನೆ. ಆಗಸ್ಟ್‌ನಲ್ಲಿ ನಾಲ್ಕು ಡೋಸಿನ ಪೆನ್ ಬಂದ ಮೇಲೆ ಸಿರಿಂಜ್‌ನಲ್ಲಿ ಎಳೆಯುವ ಕೆಲಸ ತಪ್ಪಿತು.

ಅಕ್ಕನನ್ನು ಕೊಟ್ಟಿರೋದು ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆಗೆ. ಅವಳಿಗೂ ಶುಗರ್, ತೂಕ ನನ್ನಷ್ಟೇ. "ನಿನಗೆ ಆಗಿದ್ದು ನನಗೂ ಬರೆಸಿಕೊಡೇ" ಅಂದಳು. ಅವಳ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರಲ್ಲ. ಔಷಧಿ ಅಂಗಡಿಗೆ ಬಸ್ಸಲ್ಲಿ ಒಂದೂವರೆ ಗಂಟೆ. ಸೂಜಿ ಕಂಡರೆ ಮುಖ ಬಿಳಿಚುತ್ತೆ. ಅವಳಿಗೆ ಥೈರಾಯ್ಡ್ ಇಲ್ಲ. ನಾಲ್ಕೂವರೆಗೆ ಎದ್ದು, ಕೊಟ್ಟಿಗೆ ಕೆಲಸ ಮುಗಿಸಿ ಆರಕ್ಕೆ ಕಾಫಿ ಕುಡಿಯೋದು ಮೂವತ್ತು ವರ್ಷದ ರೂಢಿ. ನಾನು ಒದ್ದಾಡಿದ ಆ ಅರ್ಧ ಗಂಟೆ ಅವಳ ದಿನದಲ್ಲಿ ತಾನಾಗಿಯೇ ಇದೆ. ಅವಳ ಡಾಕ್ಟ್ರೂ ಮಾತ್ರೆಯನ್ನೇ ಬರೆದರು. ಒಂದೇ ಒಂದು ತಪ್ಪು ಮಾಡುತ್ತಿದ್ದಳು: ವಾರದ ಮಾತ್ರೆಯನ್ನೆಲ್ಲ ಬಿಡಿಸಿ ಡಬ್ಬಿಗೆ ತುಂಬಿಡುತ್ತಿದ್ದಳು. ಈ ಮಾತ್ರೆಗೆ ತೇವ ಆಗಲ್ಲ, ಅದೂ ಮಲೆನಾಡಿನ ಆಷಾಢದಲ್ಲಿ. ನುಂಗುವ ಗಳಿಗೆಯಲ್ಲಿ ಮಾತ್ರ ಸ್ಟ್ರಿಪ್‌ನಿಂದ ಒಡೆಯಬೇಕು.

ದುಡ್ಡಿನ ಮಾತು ಯಾರೂ ಬಿಚ್ಚಿ ಆಡುವುದಿಲ್ಲ. ಮೊದಲ ವರ್ಷ ನನ್ನ ಚೀಟಿ ದುಡ್ಡು ಪೂರ್ತಿ ಇದಕ್ಕೇ ಹೋಯಿತು. "ಎಷ್ಟು ದಿನ ತಗೋಬೇಕು?" ಅಂತ ಕೇಳಿದಾಗ ಡಾಕ್ಟ್ರು ಮುಚ್ಚಿಡಲಿಲ್ಲ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ, ಇಳಿದ ತೂಕದ ಮೂರರಲ್ಲಿ ಎರಡು ಭಾಗ ವಾಪಸ್ ಬಂದಿತ್ತು. ಹಾಗಾಗಿ ಆರು ತಿಂಗಳಿಗೆ ಸಾಲ ಮಾಡಿ ಶುರು ಮಾಡಬೇಡಿ ಅಂತ ನನ್ನನ್ನು ಕೇಳುವ ಸಹೋದ್ಯೋಗಿಗಳಿಗೆ ಹೇಳುತ್ತೇನೆ. ಎರಡು ಮೂರು ವರ್ಷದ ಲೆಕ್ಕ ಹಾಕಿ, ಆಮೇಲೆ ಮಾತ್ರೆಯೋ ಸೂಜಿಯೋ ನೋಡಿ. ಮಕ್ಕಳು ಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳು ಅದನ್ನು ಮೊದಲೇ ಡಾಕ್ಟ್ರಿಗೆ ಹೇಳಿ. ಸೆಮಾಗ್ಲುಟೈಡ್ ಆದರೆ ಎರಡು ತಿಂಗಳು ಮುಂಚೆಯೇ ನಿಲ್ಲಿಸಬೇಕು. ಟಿರ್ಜೆಪಟೈಡ್ ತಗೊಳ್ಳುವಾಗ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡದೇ ಇರಬಹುದು.

2026ರ ಮಾರ್ಚ್‌ನಲ್ಲಿ ನನ್ನ ತೂಕ 77 ಕೆಜಿ, ಎಚ್‌ಬಿಎ1ಸಿ 6.1. ಡೋಸ್ 7.5 ಎಂಜಿ. ಅದೇ ತಿಂಗಳು ನಮ್ಮ ದೇಶದಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ಮುಗಿದು, ಇಲ್ಲಿನ ಕಂಪನಿಗಳ ಇಂಜೆಕ್ಷನ್‌ಗಳು ಬಹಳ ಕಡಿಮೆ ಬೆಲೆಗೆ ಬಂದವು. ಟಿರ್ಜೆಪಟೈಡ್ ಬಿಟ್ಟು ಅದಕ್ಕೆ ಹೋಗೋಣವಾ ಅಂತ ಡಾಕ್ಟ್ರ ಜೊತೆ ಮಾತಾಡಿದ್ದೇನೆ. ತೂಕ ಸ್ವಲ್ಪ ಏರಬಹುದು, ಆದರೆ ಐದು ವರ್ಷ ನಡೆಸಬಲ್ಲೆ. ಮುಂದಿನ ಭೇಟಿಗೆ ಹೊಸ ರಕ್ತಪರೀಕ್ಷೆ, ಮನೆ ಖರ್ಚಿನ ಪುಸ್ತಕ ಎರಡೂ ತಗೊಂಡು ಹೋಗುತ್ತೇನೆ. ಯಾವುದಾದರೂ ಆಗಲಿ, ಶುಕ್ರವಾರ ರಾತ್ರಿಯದೇ ಇರಲಿ ಅಂತ ಮೊದಲೇ ಹೇಳಿಟ್ಟಿದ್ದೇನೆ.