ಕಡಲೆ ಬಿತ್ತನೆ: ದಿನ ತಪ್ಪಿದರೆ ಕಾಳು ಜೊಳ್ಳು

ಕಲಬುರಗಿ, ವಿಜಯಪುರ, ಗದಗ ಜಿಲ್ಲೆಗಳ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ಹಿಂಗಾರಿ ಕಡಲೆ ಕೈಕೊಟ್ಟಾಗ ಬೀಜವನ್ನೂ ಗೊಬ್ಬರವನ್ನೂ ದೂರುವವರೇ ಹೆಚ್ಚು. ಬಿತ್ತಿದ ದಿನದ ಲೆಕ್ಕ ನೋಡುವವರು ಕಡಿಮೆ.

ಮೊದಲ ಹಂತ ದಿನ ಗೊತ್ತುಮಾಡುವುದು. ಹೆಚ್ಚಿನವರು ಎಡವುವುದೂ ಇಲ್ಲಿಯೇ. ಸೆಪ್ಟೆಂಬರ್ ಉತ್ತರಾರ್ಧದ ಉತ್ತರಾ ಮಳೆ ನಿಂತ ಮರುದಿನವೇ ಬಿತ್ತನೆಯ ಕೂರಿಗೆ ಹೂಡಬಾರದು. ಆಗ ನೆಲದಲ್ಲಿ ಕಾವೂ ತೇವವೂ ಒಟ್ಟಿಗೆ ಇರುವುದರಿಂದ ಬುಡ ಕೊಳೆ ರೋಗ ಮೊಳಕೆಯನ್ನೇ ತಿನ್ನುತ್ತದೆ, ಗಿಡ ಸೊರಗಿ ಒಣಗುವ ಸಿಡಿ ರೋಗವೂ ಬೇಗ ಹರಡುತ್ತದೆ. ಹಸ್ತ ಮಳೆಯ ಕೊನೆಯಿಂದ ಚಿತ್ತಾ ಮಳೆ ಮುಗಿಯುವವರೆಗಿನ ಅವಧಿ, ಅಂದರೆ ಸುಮಾರು ಅಕ್ಟೋಬರ್ 10ರಿಂದ 23ರವರೆಗೆ, ಸೂಕ್ತ. ನನ್ನನ್ನು ಕೇಳಿದರೆ ಅಕ್ಟೋಬರ್ ಎರಡನೇ ವಾರವನ್ನು ಬಿಡಲೇಬಾರದು. ಸುಮಾರು 95ರಿಂದ 100 ದಿನಗಳ ಜೆಜಿ-11 ತಳಿಯನ್ನು ಆಗ ಬಿತ್ತಿದರೆ ನವೆಂಬರ್ ಕೊನೆಗೆ ಹೂವಾಡಿ, ಡಿಸೆಂಬರ್ ಚಳಿಯಲ್ಲಿ ಕಾಳು ಕಟ್ಟುತ್ತದೆ. ಅದನ್ನೇ ನವೆಂಬರ್ ನಡುವಿಗೆ ತಳ್ಳಿದರೆ ಕಾಳು ತುಂಬುವ ಕಾಲ ಫೆಬ್ರುವರಿಗೆ ಜಾರುತ್ತದೆ. ಹಗಲಿನ ಉಷ್ಣತೆ 35 ಡಿಗ್ರಿ ದಾಟಿದರೆ ಪರಾಗ ಕಸುವು ಕಳೆದುಕೊಂಡು ತಡವಾಗಿ ಬಂದ ಹೂಗಳು ಕಾಯಿ ಕಟ್ಟುವುದಿಲ್ಲ. ಅಷ್ಟರಲ್ಲಿ ನೆಲದ ಹಸಿಯೂ ಆರಿರುವುದರಿಂದ ಗಿಡ ಅವಧಿಗೆ ಮೊದಲೇ ಹಣ್ಣಾಗಿ, ಕಾಳು ಸಣ್ಣದಾಗುತ್ತದೆ. ಹೂವು ನಿಲ್ಲಿಸುತ್ತದೆಂದು ಮಾರುವ ಟಾನಿಕ್ ಬಾಟಲಿಗಳಿಗೆ ಈ ಬಿಸಿಲನ್ನು ತಡೆಯುವ ಶಕ್ತಿಯಿಲ್ಲ.

ಕ್ಯಾಲೆಂಡರ್ ಒಂದೇ ಸಾಲದು, ಹದವನ್ನೂ ನೋಡಬೇಕು. ನಾಲ್ಕು ಬೆರಳು ಆಳದ ಮಣ್ಣನ್ನು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಡಿ. ಒಡೆದರೆ ಬಿತ್ತಬಹುದು, ಅಂಗೈಗೆ ಮೆತ್ತಿದರೆ ಎರಡು ದಿನ ಕಾಯಿರಿ.

ಬೀಜೋಪಚಾರ ಸುಲಭ: ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರ), ಅನಂತರ ರೈಜೋಬಿಯಂ (ಬೇರಿಗೆ ಸಾರಜನಕ ಒದಗಿಸುವ ಜೀವಾಣು) ಲೇಪಿಸಿ ನೆರಳಲ್ಲಿ ಆರಿಸಿದರಾಯಿತು. ಅಂಗಡಿಯ ಬಿಸಿಲಿನಲ್ಲಿ ಬಿದ್ದಿದ್ದ, ಅವಧಿ ಮುಗಿದ ಪೊಟ್ಟಣವನ್ನು ಪುಕ್ಕಟೆ ಕೊಟ್ಟರೂ ತರಬೇಡಿ, ಅದರಲ್ಲಿನ ಜೀವಾಣುಗಳು ಸತ್ತಿರುತ್ತವೆ.

ಸಾಲಿನಿಂದ ಸಾಲಿಗೆ 30, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಇರಲಿ. ಬೀಜ 5ರಿಂದ 8 ಸೆಂಟಿಮೀಟರ್ ಆಳದ ಹಸಿಗೆ ಇಳಿಯಬೇಕು; ಟ್ರ್ಯಾಕ್ಟರ್ ಕೂರಿಗೆಯನ್ನು ಓಡಿಸುವವರು ಬೇಗ ಮುಗಿಸುವ ಆತುರದಲ್ಲಿ ಒಣಮಣ್ಣಿನಲ್ಲಿಯೇ ಉದುರಿಸಿ ಹೋಗುತ್ತಾರೆ.

ತಿಂಗಳು ಕಳೆದ ಮೇಲೆ ಸೊಂಪಾಗಿ ಬೆಳೆದ ಹೊಲದಲ್ಲಿ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ. ತಡವಾಗಿ ಬಿತ್ತಿದ ಹೊಲದಲ್ಲಿ ಮಾತ್ರ ಅದನ್ನು ಮಾಡಬೇಡಿ, ಗಿಡಕ್ಕೆ ಮತ್ತೆ ಚಿಗುರಲು ಸಮಯವಿರುವುದಿಲ್ಲ. ಮಳೆಯಿಂದಾಗಿ ತಡವಾಗುವುದು ಅನಿವಾರ್ಯವಾದರೆ ಬೇಗ ಮಾಗುವ ತಳಿಯನ್ನೇ ಆರಿಸಿ, ಗಿಡ ಗಿಡ್ಡವಾಗಿಯೇ ಉಳಿಯುವುದರಿಂದ ಬೀಜದ ಪ್ರಮಾಣವನ್ನು ತುಸು ಹೆಚ್ಚಿಸಿ.