ಘೋಷಣೆ ಹಿಡಿದು ಹಾಡಿಗೆ ಹೋದ ಕಥೆ

ನಾಗರಹೊಳೆ ಅಂಚಿನ ಜೇನು ಕುರುಬ ಬುಡಕಟ್ಟಿನವರ ಹಾಡಿಯೊಂದಕ್ಕೆ, ಅಂದರೆ ಕಾಡಂಚಿನ ಅವರ ಪುಟ್ಟ ವಸತಿಗೆ, ಮೊದಲ ಸಲ ಹೋದಾಗ ನನ್ನ ಚೀಲದಲ್ಲಿ ವಿಶ್ವಸಂಸ್ಥೆಯ 2007ರ ಆದಿವಾಸಿ ಹಕ್ಕುಗಳ ಘೋಷಣೆಯಿತ್ತು. ಕನ್ನಡಕ್ಕೆ ತಂದವನು ನಾನೇ ಎಂಬ ಸಣ್ಣ ಹೆಮ್ಮೆಯೂ ಇತ್ತು. ಹತ್ತನೆಯ ವಿಧಿಯನ್ನು ಗಟ್ಟಿಯಾಗಿ ಓದಿದೆ: ವಿಷಯ ತಿಳಿದು, ಸ್ವಂತ ಮನಸ್ಸಿನಿಂದ, ಮುಂಚಿತವಾಗಿ ಒಪ್ಪಿಗೆ ಕೊಡದ ಹೊರತು ಜನರನ್ನು ನೆಲದಿಂದ ಎಬ್ಬಿಸುವಂತಿಲ್ಲ. ಎಲೆಅಡಿಕೆ ಮೆಲ್ಲುತ್ತಿದ್ದ ಅಜ್ಜಿಯೊಬ್ಬರು ಕೇಳಿದರು, ‘ಇದನ್ನು ಯಾವ ಸಾಹೇಬರಿಗೆ ತೋರಿಸಬೇಕು?’

ನನ್ನಲ್ಲಿ ಉತ್ತರವಿರಲಿಲ್ಲ. ಭಾರತ ಘೋಷಣೆಯ ಪರ ಮತ ಹಾಕಿದೆ, ಆದರೆ ಅದು ದೇಶವನ್ನು ಕಾನೂನಿನಿಂದ ಕಟ್ಟಿಹಾಕುವ ಒಪ್ಪಂದವಲ್ಲ. ಮೇಲಾಗಿ ಭಾರತೀಯರೆಲ್ಲರೂ ಇಲ್ಲಿನ ಮೂಲನಿವಾಸಿಗಳೇ ಎಂಬುದು ಸರ್ಕಾರದ ನಿಲುವು. ಭಾರತವನ್ನು ನಿಜವಾಗಿ ಕಟ್ಟಿಹಾಕುವುದು 1958ರಲ್ಲಿ ಅದು ಒಪ್ಪಿಕೊಂಡ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 107ನೇ ಒಡಂಬಡಿಕೆ. ಬುಡಕಟ್ಟಿನವರನ್ನು ಉಳಿದವರೊಳಗೆ ಕರಗಿಸಿಬಿಡುವ ಹಳೆಯ ಧೋರಣೆ ಅದರ ತುಂಬ ಇದೆ, ನನಗೆ ಹಿಡಿಸುವುದಿಲ್ಲ. ಆದರೂ ತಲೆಮಾರುಗಳಿಂದ ಬಾಳಿದ ನೆಲದ ಮೇಲೆ ಸಾಮೂಹಿಕ ಒಡೆತನವನ್ನು ಮನ್ನಿಸುವ 11ನೇ ವಿಧಿ ಅಲ್ಲೇ ಇದೆ. 107ರ ಜಾಗಕ್ಕೆ ಬಂದ 1989ರ 169ನೇ ಒಡಂಬಡಿಕೆಯನ್ನು ಭಾರತ ಒಪ್ಪಿಲ್ಲ.

ಹಾಗಾಗಿ, ಹಾಡಿಯವರ ಕಾಡಿನ ಹಕ್ಕು ಕೇಳಲು ಸಿದ್ಧಪಡಿಸುತ್ತಿದ್ದ ಕಡತದ ಕ್ರಮವನ್ನೇ ತಿರುಗಿಸಿದೆ. ಮೇಲೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಊರಿನ ಸಾಮೂಹಿಕ ಅರಣ್ಯಕ್ಕೆ ಹಕ್ಕು ಕೇಳುವ ಅರ್ಜಿಯಾದ ನಮೂನೆ ಸಿ ಮತ್ತು ಗ್ರಾಮಸಭೆಯ ನಿರ್ಣಯ, ಅದರ ಕೆಳಗೆ ಒಡಿಶಾದ ಬೆಟ್ಟದ ಗಣಿಗಾರಿಕೆಯ ವಿಷಯದಲ್ಲಿ ಗ್ರಾಮಸಭೆಗಳ ಮಾತಿಗೆ ಬೆಲೆ ಕೊಟ್ಟ ಸುಪ್ರೀಂ ಕೋರ್ಟಿನ 2013ರ ನಿಯಮಗಿರಿ ತೀರ್ಪು, ತಳದಲ್ಲಿ 107ನೇ ಒಡಂಬಡಿಕೆ.

ಗಡಿ ಗುರುತಿಸಲು ನಾಲ್ಕು ದಿನ ಕಾಡು ಸುತ್ತಿದೆವು. ಒಂದು ಕಡೆ ಲಂಟಾನ ಪೊದೆ ಸರಿಸಿದರೆ ಮೊಣಕಾಲೆತ್ತರದ ಕಲ್ಲು. ‘ನಮ್ಮಪ್ಪ ಇಲ್ಲಿ ಮಲಗಿದ್ದಾನೆ’ ಎಂದ ಹಿರಿಯರು ತಲೆಗೆ ಸುತ್ತಿದ್ದ ಟವೆಲ್ ತೆಗೆದು ನಿಂತರು. ಆ ಜಾಗವನ್ನು ಗುರುತಿಸುವ ಬಿಂದುವನ್ನು ಮೊಬೈಲಿನಲ್ಲಿ ಒತ್ತಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಗೆಣಸು ಅಗೆಯುವ ಜಾಗಗಳು ಗಂಡಸರಿಗೆ ಅಷ್ಟಾಗಿ ಗೊತ್ತಿರಲಿಲ್ಲ; ಮರುದಿನ ಹೆಂಗಸರೇ ಮುಂದೆ ನಡೆದರು.

ಕಡತ ಒಮ್ಮೆ ಹಿಂದಕ್ಕೆ ಬಂತು: ಹಳೆಯ ದಾಖಲೆ ಲಗತ್ತಿಸಿ ಎಂದು. ಕಾಡಿನವರ ಬಳಿ ಕಂದಾಯದ ರಸೀದಿ ಎಲ್ಲಿಂದ ಬರಬೇಕು! ಇಂಥದ್ದೇ ಕಾಗದ ಬೇಕೆಂದು ಹಟ ಹಿಡಿಯುವಂತಿಲ್ಲ ಎನ್ನುವ, ಅರಣ್ಯ ಹಕ್ಕು ಕಾಯ್ದೆಯದೇ ನಿಯಮ 12ಎ, ಸಮಾಧಿ, ದೇವರ ಬನ, ಹಿರಿಯರ ಲಿಖಿತ ಹೇಳಿಕೆಗಳೂ ಸಾಕ್ಷ್ಯವೇ ಎನ್ನುವ ನಿಯಮ 13 ಎರಡನ್ನೂ ಉಲ್ಲೇಖಿಸಿ ಉತ್ತರ ಬರೆದೆವು. ಜೊತೆಗೆ ಅಜ್ಜಿಯ ಹೇಳಿಕೆ. ಹೆಬ್ಬೆಟ್ಟು ಒತ್ತುವ ಮೊದಲು ಅವರು ಅದನ್ನು ಎರಡು ಸಲ ಓದಿಸಿ ಕೇಳಿದರು. ಎರಡನೆಯ ಸಲ ನನ್ನನ್ನು ತಡೆದು, ಒಂದು ಹಳ್ಳದ ಹೆಸರು ತಪ್ಪಾಗಿದೆ ಎಂದು ತಿದ್ದಿಸಿದರು.